ಪೋಲೆಂಡಿನಿಂದ ಬಂದ ಎರಡು ಆಫರ್: ಯಾವ ಕರಾರು, ಯಾವ ಊರು, ಎಷ್ಟು ಪೋಲಿಷ್?

ಹೋದ ತಿಂಗಳು ದಾವಣಗೆರೆಯಿಂದ ಅಕ್ಕನ ಮಗ ಎರಡು ಕಾಗದದ ಫೋಟೊ ಕಳಿಸಿದ. ಐಟಿಐ ಫಿಟ್ಟರ್ ಮುಗಿಸಿ ನಾಲ್ಕು ವರ್ಷ ಕೆಲಸ ಮಾಡಿದ್ದಾನೆ. ಒಂದು ಕಾಗದ ಏಜೆನ್ಸಿಯದು. ವುಚ್ ಹತ್ತಿರ ಗೋದಾಮಿನ ಕೆಲಸ, ತಿಂಗಳಿಗೆ 200 ಗಂಟೆ, 6,100 ಝ್ಲೋತಿ (ಝ್ಲೋತಿ ಅಂದರೆ ಪೋಲೆಂಡಿನ ನಾಣ್ಯ). (ನಕ್ಷೆ ನೋಡಿ ನಾವೆಲ್ಲ ಲೋಡ್ಜ್ ಅಂತ ಓದುತ್ತೇವಲ್ಲ, ಆ ಊರೇ ವುಚ್.) ಇನ್ನೊಂದು ಪೋಜ್ನಾನ್ ಹತ್ತಿರದ ಕಾರ್ಖಾನೆಯವರೇ ನೇರವಾಗಿ ಬರೆದಿದ್ದು. ಸಂಬಳ 4,666 ಝ್ಲೋತಿ. ಕೆಳಗೆ ಒಂದೇ ಸಾಲು: "ಮಾಮ, ಮೊದಲನೇದೇ ಜಾಸ್ತಿ ಅಲ್ವಾ?"

ನಾನು 2017ರಲ್ಲಿ ಇಲ್ಲಿಗೆ ಬಂದಾಗ ನನ್ನ ಲೆಕ್ಕವೂ ಹೀಗೇ ಇತ್ತು. ದೊಡ್ಡ ಸಂಖ್ಯೆ ಎಲ್ಲಿದೆಯೋ ಅಲ್ಲಿಗೆ ಸಹಿ ಹಾಕಿದೆ. ಆ ಸಹಿ ಎಷ್ಟು ದುಬಾರಿಯಾಯಿತು ಅನ್ನುವುದನ್ನು ಅವನಿಗೆ ಫೋನಿನಲ್ಲಿ ಎರಡು ಗಂಟೆ ಹೇಳಿದೆ. ಈಗ ನಮ್ಮ ಕಡೆಯಿಂದ ಪೋಲೆಂಡಿಗೆ ಹೊರಡುವ ಹುಡುಗರು ಹುಡುಗಿಯರು ಜಾಸ್ತಿ ಆಗಿದ್ದಾರೆ. ಅವರಿಗೂ ಬೇಕಾದೀತು ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕರಾರಿನ ಹೆಸರು ಓದಿ

ಎರಡು ಕಾಗದದಲ್ಲೂ ನಾನು ಮೊದಲು ಹುಡುಕಿದ್ದು ಸಂಬಳವನ್ನಲ್ಲ, ತಲೆಬರಹವನ್ನು. ಕಾರ್ಖಾನೆಯದರಲ್ಲಿ 'ಉಮೋವಾ ಒ ಪ್ರಾತ್ಸೆ' ಅಂತ ಇತ್ತು. ಅಂದರೆ ನೌಕರಿಯ ಕರಾರು. ಪೋಲೆಂಡಿನ ಕಾರ್ಮಿಕ ಕಾನೂನು ಪೂರ್ತಿಯಾಗಿ ಕಾಯುವುದು ಇದೊಂದನ್ನೇ. ಏಜೆನ್ಸಿಯದರಲ್ಲಿ 'ಉಮೋವಾ ಝ್ಲೆತ್ಸೆನ್ಯೆ' ಅಂತ ಇತ್ತು. ಒಂದು ಕೆಲಸವನ್ನು ನಿಮಗೆ ವಹಿಸಿದ್ದೇವೆ, ಮಾಡಿದಷ್ಟು ಗಂಟೆಗೆ ದುಡ್ಡು, ಅಷ್ಟೇ ಅದರ ಅರ್ಥ. ಎರಡೂ ಕಾನೂನುಬದ್ಧವೇ. ಆದರೆ ಬದುಕಲು ಎರಡೂ ಒಂದೇ ಅಲ್ಲ.

ಲೆಕ್ಕ ಹಾಕಿ ನೋಡೋಣ. ಇಬ್ಬರೂ ಕೊಡುತ್ತಿದ್ದುದು 2025ರ ಕನಿಷ್ಠ ಕೂಲಿಯೇ. ನೌಕರಿಗೆ ತಿಂಗಳಿಗೆ 4,666 ಝ್ಲೋತಿ, ಝ್ಲೆತ್ಸೆನ್ಯೆಗೆ ಗಂಟೆಗೆ 30.50. (2026ಕ್ಕೆ ಇವು 4,806 ಮತ್ತು 31.40.) ಏಜೆನ್ಸಿಯ 6,100 ಬಂದಿದ್ದು 200 ಗಂಟೆಯನ್ನು 30.50ರಿಂದ ಗುಣಿಸಿ. ಅದರಲ್ಲಿ ಬೇರೆ ಏನೂ ಸೇರಿಲ್ಲ.

ಈಗ ಕಾರ್ಖಾನೆಯಲ್ಲೂ ಅದೇ 200 ಗಂಟೆ ದುಡಿದ ಅಂದುಕೊಳ್ಳಿ. 4,666 ಬರುವುದು ಸುಮಾರು 168 ಗಂಟೆಗೆ. ಮೇಲಿನ 32 ಗಂಟೆ ಓವರ್‌ಟೈಮ್. ಓವರ್‌ಟೈಮಿಗೆ ಕಾನೂನು ಅರ್ಧಪಟ್ಟು ಹೆಚ್ಚು ಕೊಡಿಸುತ್ತದೆ. ರಾತ್ರಿ, ಭಾನುವಾರ, ಹಬ್ಬದ ದಿನವಾದರೆ ಒಂದಕ್ಕೆ ಎರಡು. ಅರ್ಧಪಟ್ಟು ಹಿಡಿದರೂ ಸುಮಾರು 1,330 ಸೇರುತ್ತದೆ. ಒಟ್ಟು ಹತ್ತಿರ ಹತ್ತಿರ 6,000. ಏಜೆನ್ಸಿಯ 6,100ಕ್ಕೂ ಇದಕ್ಕೂ ಇರುವ ಅಂತರ ನೂರು ಝ್ಲೋತಿ! ಪ್ರತಿ ತಿಂಗಳೂ ಇಷ್ಟು ಓವರ್‌ಟೈಮ್ ಸಿಗುವುದಿಲ್ಲ, ಅದಕ್ಕೆ ಮಿತಿ ಇದೆ. ಹಾಗೆಯೇ ಏಜೆನ್ಸಿಯ 200 ಗಂಟೆಯೂ ಪ್ರತಿ ತಿಂಗಳು ಸಿಗುವುದಿಲ್ಲ. ಕ್ರಿಸ್‌ಮಸ್ ಮುಗಿದ ಮೇಲೆ ಗೋದಾಮುಗಳಲ್ಲಿ ಕೆಲಸ ಇಳಿದುಹೋಗುತ್ತದೆ. ಆಗ 200 ಗಂಟೆ 120 ಆದರೆ ಸಂಬಳವೂ ಅಷ್ಟಕ್ಕೇ ಇಳಿಯುತ್ತದೆ.

ರಜೆಯ ಲೆಕ್ಕ ಇನ್ನೂ ಜೋರು. ನೌಕರಿಯ ಕರಾರಿನಲ್ಲಿ ವರ್ಷಕ್ಕೆ 20 ದಿನ ಸಂಬಳ ಸಹಿತ ರಜೆ. ಹತ್ತು ವರ್ಷದ ಅನುಭವ ಲೆಕ್ಕಕ್ಕೆ ಬಂದರೆ 26 ದಿನ. ಡಿಗ್ರಿ ಓದಿದವರಿಗೆ ಆ ಓದನ್ನೇ 8 ವರ್ಷದ ಅನುಭವ ಅಂತ ಹಿಡಿಯುತ್ತಾರೆ. ಝ್ಲೆತ್ಸೆನ್ಯೆಯಲ್ಲಿ ರಜೆಯ ಹಕ್ಕೇ ಇಲ್ಲ. ಊರಿಗೆ ಬಂದು ತಂಗಿ ಮದುವೆ ಮಾಡಿ, ಒಂದು ತಿಂಗಳು ಇದ್ದು ಹೋದರೆ 160 ಗಂಟೆಯ ದುಡ್ಡು, ಅಂದರೆ 4,880 ಝ್ಲೋತಿ ಹೋಯಿತು. ವಿಮಾನದ ಟಿಕೆಟ್ ಬೇರೆ.

ಕಾಯಿಲೆ ಬಿದ್ದಾಗ ಏನಾಗುತ್ತದೆ ಅನ್ನುವುದು ನನಗೆ ಅನುಭವದಿಂದಲೇ ಗೊತ್ತು. ಬಂದ ಐದನೇ ತಿಂಗಳಲ್ಲಿ ನ್ಯುಮೋನಿಯಾ ಆಯಿತು. ಆಸ್ಪತ್ರೆಗೆ ದುಡ್ಡು ಕೊಡಬೇಕಾಗಲಿಲ್ಲ, ಯಾಕೆಂದರೆ ಝ್ಲೆತ್ಸೆನ್ಯೆಯಲ್ಲೂ ಆರೋಗ್ಯ ವಿಮೆ ಕಡ್ಡಾಯ. ಆದರೆ ಕೆಲಸಕ್ಕೆ ಹೋಗದ ಮೂರೂವರೆ ವಾರಕ್ಕೆ ಒಂದು ಗ್ರೋಶ್ ಕೂಡ ಬರಲಿಲ್ಲ. ಝ್ಲೆತ್ಸೆನ್ಯೆಯಲ್ಲಿ ಕಾಯಿಲೆಯ ಭತ್ಯೆಗೆ ಬೇರೆ ವಂತಿಗೆ ಕಟ್ಟಬೇಕು, ಅದು ನಮ್ಮಿಷ್ಟಕ್ಕೆ ಬಿಟ್ಟಿದ್ದು. ಅದರ ಹೆಸರು 'ಖೊರೊಬೊವೆ'. ಫಾರಂನಲ್ಲಿ ಅದಕ್ಕೊಂದು ಚೌಕ ಇತ್ತು. ಪೋಲಿಷ್ ಬಾರದ ನಾನು ಖಾಲಿ ಬಿಟ್ಟಿದ್ದೆ. ತುಂಬಿಸಿಕೊಂಡವರೂ ಹೇಳಲಿಲ್ಲ. ಆ ಚೌಕ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಹಾಗಾಗಿ ಬೇರೆ ದಾರಿಯಿಲ್ಲದೆ ಝ್ಲೆತ್ಸೆನ್ಯೆಗೇ ಸಹಿ ಹಾಕುವುದಾದರೆ, ದಯವಿಟ್ಟು ಆ ಚೌಕಕ್ಕೆ ಗುರುತು ಹಾಕಿ. ವಂತಿಗೆ ನೂರಕ್ಕೆ 2.45. ಆದರೂ 90 ದಿನ ಕಟ್ಟಿದ ಮೇಲೆಯೇ ಭತ್ಯೆ ಶುರು. ನೌಕರಿಯ ಕರಾರಿನಲ್ಲಿ ಇದು ತಾನಾಗಿಯೇ ಇರುತ್ತದೆ, 30 ದಿನ ಆದರೆ ಸಾಕು, ಸಾಮಾನ್ಯವಾಗಿ ಸಂಬಳದ ನೂರಕ್ಕೆ 80 ಸಿಗುತ್ತದೆ.

ಝ್ಲೆತ್ಸೆನ್ಯೆ ಯಾರಿಗೆ ಸರಿ? ಇಲ್ಲಿ ಓದುತ್ತಿರುವ, 26 ವರ್ಷ ತುಂಬದ ವಿದ್ಯಾರ್ಥಿಗಳಿಗೆ. ಅವರ ಸಂಬಳದಲ್ಲಿ ಸಾಮಾಜಿಕ ವಿಮೆಯ ವಂತಿಗೆ ಹಿಡಿಯುವುದಿಲ್ಲ, ಕೈಗೆ ಬರುವುದು ಜಾಸ್ತಿ. ಕುಟುಂಬ ನಡೆಸಬೇಕಾದವರಿಗೆ ನಾನು ಇದನ್ನು ಹೇಳುವುದಿಲ್ಲ.

ಐಟಿಯವರು 'ಬಿ ಟು ಬಿ' ಅಂತ ಇನ್ನೊಂದನ್ನು ಹೇಳುತ್ತಾರೆ. ನೀವೇ ಒಂದು ಪುಟ್ಟ ಕಂಪನಿ, ತಿಂಗಳಿಗೊಂದು ಬಿಲ್ ಕೊಡುತ್ತೀರಿ. ಕೈಗೆ ಬರುವ ದುಡ್ಡು ಚೆನ್ನಾಗಿರುತ್ತದೆ. ಆದರೆ ಕೆಲಸದ ಮೇಲೆ ತಾತ್ಕಾಲಿಕ ವಾಸದ ಪರವಾನಗಿ ಪಡೆದವರಲ್ಲಿ ಹೆಚ್ಚಿನವರಿಗೆ ಸ್ವಂತ ಹೆಸರಿನಲ್ಲಿ ವ್ಯವಹಾರ ನೋಂದಾಯಿಸಲು ಅವಕಾಶ ಇಲ್ಲ. ಕಾಯಂ ವಾಸದ ಕಾರ್ಡು ಬಂದ ಮೇಲೆ ಯೋಚಿಸುವ ಮಾತು ಅದು.

ಏಜೆನ್ಸಿಯೋ, ನೇರ ಕಂಪನಿಯೋ

ನೇರ ಸಿಕ್ಕರೆ ನೇರವೇ ಸರಿ. ಆದರೆ ಎಲ್ಲರಿಗೂ ಸಿಗುವುದಿಲ್ಲ, ಮತ್ತು ಎಲ್ಲ ಏಜೆನ್ಸಿಗಳೂ ಕೆಟ್ಟವಲ್ಲ. ಪೋಲೆಂಡಿನಲ್ಲಿ ಏಜೆನ್ಸಿಗಳ ಸರ್ಕಾರಿ ನೋಂದಣಿ ಪುಸ್ತಕ ಇದೆ. ಹೆಸರು 'ಕ್ರಾಝ್'. ಏಜೆನ್ಸಿಯ ಹೆಸರು ಹಾಕಿದರೆ ಇದೆಯೋ ಇಲ್ಲವೋ ಅಂತ ಇಂಟರ್‌ನೆಟ್ಟಿನಲ್ಲೇ ಗೊತ್ತಾಗುತ್ತದೆ. ನಮ್ಮ ಕಡೆಯ ಏಜೆಂಟರ ಹೆಸರನ್ನು ಭಾರತ ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ನೋಡಬಹುದು. ಅಲ್ಲಿ ನೋಂದಾಯಿಸಿದ ಏಜೆಂಟ್ ಸೇವಾ ಶುಲ್ಕ ಅಂತ ತೆಗೆದುಕೊಳ್ಳಬಹುದಾದ್ದು ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲೆ ಜಿಎಸ್‌ಟಿ. ನಾಲ್ಕು ಲಕ್ಷ ಕೊಟ್ಟು, ಅಪ್ಪನ ಹೊಲ ಅಡ ಇಟ್ಟು ಬಂದವರನ್ನು ನಾನು ನೋಡಿದ್ದೇನೆ. ಆ ಸಾಲ ತೀರುವವರೆಗೂ ಅವರು ಎಂಥ ಕೆಲಸವನ್ನೂ ಬಿಡುವ ಹಾಗಿಲ್ಲ. ಬೇಡ, ದಯವಿಟ್ಟು ಬೇಡ.

ಇನ್ನೊಂದು ವಿಷಯ. ಪರವಾನಗಿಯಲ್ಲಿ ಯಾರ ಹೆಸರಿದೆಯೋ ಅವರ ಹತ್ತಿರವೇ ಕೆಲಸ ಮಾಡಬೇಕು. ಏಜೆನ್ಸಿಯ ಹೆಸರಿದ್ದರೆ ಗೋದಾಮು ನಿಮ್ಮನ್ನು ಎಷ್ಟೇ ಮೆಚ್ಚಲಿ, ನಿಮ್ಮ ಕೊಂಡಿ ಏಜೆನ್ಸಿಗೇ. ಒಂದು ಕಂಪನಿಗೆ ತಾತ್ಕಾಲಿಕ ಕೆಲಸದವರಾಗಿ ಕಳಿಸುವುದಕ್ಕೂ ಮಿತಿ ಇದೆ, 36 ತಿಂಗಳಲ್ಲಿ 18 ತಿಂಗಳು. ವಾಸದ ಪರವಾನಗಿ ಇರುವಾಗ ಕೆಲಸ ಹೋದರೆ 15 ಕೆಲಸದ ದಿನಗಳೊಳಗೆ ಪ್ರಾಂತ್ಯದ ದೊಡ್ಡ ಕಚೇರಿಗೆ, ಅಂದರೆ ಅಲ್ಲಿನ ವೊಯೆವೋಡ್‌ಗೆ ತಿಳಿಸಬೇಕು. ಇದನ್ನು ಬರೆದಿಟ್ಟುಕೊಳ್ಳಿ.

ಅಕ್ಕನ ಮಗನ ಕೈಯಲ್ಲಿ ಎರಡು ಕಡೆಗೂ ಒಂದೇ ಮೇಲ್ ಬರೆಸಿದೆ. ನಾಲ್ಕು ಪ್ರಶ್ನೆ. ಕರಾರಿನ ಪೂರ್ತಿ ಹೆಸರೇನು? ವಸತಿ, ಬಸ್ಸಿಗೆ ಅಂತ ಸಂಬಳದಲ್ಲಿ ಎಷ್ಟು ಹಿಡಿಯುತ್ತೀರಿ? ಕೆಲಸ ಕಡಿಮೆ ಇರುವ ತಿಂಗಳು ಕನಿಷ್ಠ ಎಷ್ಟು ಕೊಡುತ್ತೀರಿ? ಪರವಾನಗಿ ಯಾರ ಹೆಸರಿನಲ್ಲಿ ಬರುತ್ತದೆ?

ಇಂಗ್ಲಿಷಿನಲ್ಲೇ ನಡೆಯುತ್ತದಲ್ಲ, ಪೋಲಿಷ್ ಯಾಕೆ?

ಆಫೀಸಿನವರು ಕೇಳುವ ಪ್ರಶ್ನೆ ಇದು. ಅವರ ಮಾತಿನಲ್ಲೂ ನಿಜ ಇದೆ. ಕ್ರಾಕುಫ್, ವ್ರೋತ್ಸ್ವಾಫ್, ವಾರ್ಸಾದಲ್ಲಿ ಲೆಕ್ಕಪತ್ರ, ಗ್ರಾಹಕ ಸೇವೆ, ಐಟಿ ಕೆಲಸಗಳೆಲ್ಲ ಇಂಗ್ಲಿಷಿನಲ್ಲೇ ನಡೆಯುತ್ತವೆ. ನಮ್ಮ ಬೆಂಗಳೂರಿನ ಇನ್ಫೋಸಿಸ್ 2007ರಿಂದ ವುಚ್‌ನಲ್ಲಿದೆ. ಆಫೀಸಿನ ಬಾಗಿಲೊಳಗೆ ಪೋಲಿಷ್ ಬೇಡ. ಬಾಗಿಲು ದಾಟಿದರೆ ಬೇಕು.

ಒಂದು ಚೀಟಿಯ ಕಥೆ ಹೇಳುತ್ತೇನೆ. ವಾಸದ ಕಾರ್ಡಿಗೆ, ಅಂದರೆ 'ಕಾರ್ತಾ ಪೊಬಿತು'ಗೆ ಅರ್ಜಿ ಹಾಕಿ ತಿಂಗಳುಗಟ್ಟಲೆ ಕಾಯುತ್ತಿದ್ದೆ. ಒಂದು ದಿನ ಅಂಚೆ ಪೆಟ್ಟಿಗೆಯಲ್ಲಿ ಅಂಗೈ ಅಗಲದ ಚೀಟಿ. ಮೇಲೆ 'ಅವೀಝೊ' ಅಂತ ಅಚ್ಚಾಗಿತ್ತು. ಪೆಟ್ಟಿಗೆ ತುಂಬ ಪಿಜ್ಜಾ ಅಂಗಡಿಯ ಕಾಗದಗಳೂ ಇದ್ದವು. ಅವುಗಳ ಜೊತೆ ಇದನ್ನೂ ಮೇಜಿನ ಮೇಲೆ ಹಾಕಿದೆ. ಒಂದು ವಾರದ ಮೇಲೆ ಅಂಥದೇ ಇನ್ನೊಂದು ಬಂತು. ಮಹಡಿಯ ಮೇಲಿನ ಮನೆಯ ಅಜ್ಜಿ ನನ್ನ ಕೈಯಲ್ಲಿ ಅದನ್ನು ನೋಡಿದರು. ತೋಳು ಹಿಡಿದು, ಬಾಗಿಲ ಕಡೆ ತೋರಿಸಿ, "ಪೋಚ್ತಾ! ಪೋಚ್ತಾ!" ಅಂದರು. ಪೋಚ್ತಾ ಅಂದರೆ ಅಂಚೆ ಕಚೇರಿ. ಅವತ್ತೇ ಓಡಿದೆ. ರಿಜಿಸ್ಟರ್ ಪತ್ರ ಕಾಯುತ್ತಿತ್ತು. ಅರ್ಜಿಯಲ್ಲಿ ಒಂದು ಸಹಿ ಇಲ್ಲ, 7 ದಿನದಲ್ಲಿ ಸರಿಮಾಡಿ ಅಂತ ಇತ್ತು. ಇಲ್ಲಿನ ನಿಯಮ ಏನೆಂದರೆ, ಅಂಥ ಪತ್ರವನ್ನು 14 ದಿನ ಯಾರೂ ತೆಗೆದುಕೊಳ್ಳದಿದ್ದರೆ ತಲುಪಿತು ಅಂತಲೇ ಲೆಕ್ಕ. ಆ ಅಜ್ಜಿ ಇಲ್ಲದಿದ್ದರೆ ನನ್ನ ಅರ್ಜಿ ಮೂಲೆ ಸೇರುತ್ತಿತ್ತು. ಪೋಲಿಷ್ ಕಲಿಯಲೇಬೇಕು ಅಂತ ತೀರ್ಮಾನ ಮಾಡಿದ್ದು ಆ ಸಂಜೆ.

ಇನ್ನೂ ಗಟ್ಟಿ ಕಾರಣ ಬೇಕೇ? ಐದು ವರ್ಷ ಕಾನೂನು ಪ್ರಕಾರ ಇದ್ದವರು ಯುರೋಪಿಯನ್ ಒಕ್ಕೂಟದ ದೀರ್ಘಕಾಲದ ವಾಸದ ಕಾರ್ಡು ಕೇಳಬಹುದು. ಅದು ಬಂದರೆ ಮಾಲೀಕರ ಹೆಸರಿನ ಹಂಗು ಹೋಗುತ್ತದೆ. ಯಾರ ಹತ್ತಿರ ಬೇಕಾದರೂ ಕೆಲಸ ಮಾಡಬಹುದು. ಅದಕ್ಕೆ ಸ್ಥಿರ ಆದಾಯದ ಜೊತೆಗೆ ಪೋಲಿಷ್‌ನಲ್ಲಿ ಬಿ1, ಅಂದರೆ ಮಧ್ಯಮ ಮಟ್ಟದ ಪ್ರಮಾಣಪತ್ರ ಬೇಕು. ಪರೀಕ್ಷೆಯಲ್ಲಿ ಕೇಳುವುದು, ಓದುವುದು, ವ್ಯಾಕರಣ, ಬರೆಯುವುದು, ಮಾತಾಡುವುದು ಅಂತ ಐದು ಭಾಗ. ಐದನೇ ವರ್ಷದಲ್ಲಿ ಶುರುಮಾಡಿದರೆ ಆಗುವ ಕೆಲಸ ಅಲ್ಲ ಇದು. ಸೀಟೂ ಬೇಗ ತುಂಬಿಬಿಡುತ್ತವೆ.

ಕನ್ನಡ ಬಲ್ಲವರಿಗೆ ಸಿಗುವ ಅನುಕೂಲ

ಪೋಲಿಷ್ ಕಷ್ಟ ಅಂತ ಎಲ್ಲರೂ ಹೆದರಿಸುತ್ತಾರೆ. ಇಂಗ್ಲಿಷಿನವರ ಹೆದರಿಕೆ ಅದು, ನಮ್ಮದಾಗಬೇಕಿಲ್ಲ. ಪೋಲಿಷ್‌ನಲ್ಲಿ ಏಳು ವಿಭಕ್ತಿ. ಕ್ರಾಕುಫ್ ಊರಿನ ಹೆಸರು, 'ದೊ ಕ್ರಕೋವಾ' ಅಂದರೆ ಕ್ರಾಕುಫ್‌ಗೆ, 'ಫ್ ಕ್ರಕೋವ್ಯೆ' ಅಂದರೆ ಕ್ರಾಕುಫ್‌ನಲ್ಲಿ. ಊರಿನ ಹೆಸರೇ ಬದಲಾಗುತ್ತದಲ್ಲ ಅಂತ ನನ್ನ ಜೊತೆಯ ಐರಿಷ್ ಹುಡುಗ ತಲೆ ಹಿಡಿದುಕೊಂಡ. ಹರಿಹರ, ಹರಿಹರಕ್ಕೆ, ಹರಿಹರದಲ್ಲಿ ಅಂತ ಬೆಳೆದ ನನಗೆ ಏನೂ ಅನ್ನಿಸಲಿಲ್ಲ.

ಎಣಿಕೆ ನೋಡಿ. ನಾವು ಎರಡು ಬೆಕ್ಕು ಅನ್ನುತ್ತೇವೆ, ಆದರೆ ಇಬ್ಬರು ಗಂಡಸರು. ಪೋಲಿಷ್‌ನಲ್ಲೂ ಬೆಕ್ಕಿಗೆ 'ದ್ವಾ ಕೋತಿ', ಗಂಡಸರಿಗೆ 'ದ್ವುಹ್ ಪಾನುಫ್'. ಗೌರವಕ್ಕೆ ನಮ್ಮ ನೀನು, ನೀವು ಇದ್ದ ಹಾಗೆ ಅಲ್ಲಿ 'ತಿ' ಇದೆ, 'ಪಾನ್', 'ಪಾನಿ' ಇವೆ. ಅಂಗಡಿ, ಕಚೇರಿಯಲ್ಲಿ ಪರಿಚಯ ಇಲ್ಲದವರಿಗೆ 'ತಿ' ಅಂದರೆ ಏಕವಚನದಲ್ಲಿ ಕರೆದ ಹಾಗೆ. ನನ್ನನ್ನು 'ತಿ' ಅಂತಲೇ ಕರಿ ಅಂತ ದೊಡ್ಡವರೇ ಮೊದಲು ಹೇಳಬೇಕು. ಇದನ್ನೆಲ್ಲ ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಓದಿದೆ, ಓದಿ ಮುಗಿಸಿದೆ ಅನ್ನುವ ವ್ಯತ್ಯಾಸವೂ ಇದೆ: 'ಚಿತಾವೆಂ', 'ಪ್ಷೆಚಿತಾವೆಂ'.

ಉಚ್ಚಾರದಲ್ಲಿ ಒಂದು ಎಚ್ಚರ. 'ಪ್ರೋಷೆ' ಅಂದರೆ ದಯವಿಟ್ಟು. ಅದನ್ನೇ 'ಪ್ರೋಶೆ' ಅಂದರೆ ಹಂದಿಮರಿ! ಶ, ಷ ಬೇರೆ ಬೇರೆ ಅಂತ ನಮ್ಮ ಪ್ರೈಮರಿ ಶಾಲೆಯ ಮೇಷ್ಟ್ರು ಬಡಿದುಕೊಳ್ಳುತ್ತಿದ್ದರು. ಅವರನ್ನು ನಾನು ಇಲ್ಲಿ ತುಂಬ ನೆನೆಸಿಕೊಂಡಿದ್ದೇನೆ.

ಕಷ್ಟ ಇರುವುದು ಲಿಂಗದಲ್ಲಿ. ನಮಗೆ ಮೇಜು, ಪುಸ್ತಕ, ಕಿಟಕಿ ಎಲ್ಲವೂ ಅದು. ಅಲ್ಲಿ ಮೇಜು ಗಂಡು, ಪುಸ್ತಕ ಹೆಣ್ಣು, ಕಿಟಕಿ ನಪುಂಸಕ. ಅದರ ಮೇಲೆ 'ದೊಡ್ಡ', 'ಹಳೆಯ' ಅನ್ನುವ ಪದಗಳೂ ಲಿಂಗ, ವಿಭಕ್ತಿ ನೋಡಿ ಬಾಲ ಬದಲಿಸುತ್ತವೆ. ಹಿಂದಿ ಬಲ್ಲವರಿಗೆ ಸ್ವಲ್ಪ ಸುಲಭ. ನನಗೆ ಈಗಲೂ ತಪ್ಪುತ್ತದೆ.

ಎಲ್ಲಿ ಕಲಿಯುವುದು

ಮೊಬೈಲ್ ಆ್ಯಪ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪದ ಕಲಿಯಲು ಸರಿ, ಹೊರಡುವ ಮುಂಚೆ ಮೂರು ತಿಂಗಳು ಮಾಡಿ. ಅದೊಂದರಿಂದಲೇ ಮಾತು ಬರುವುದಿಲ್ಲ.

ಸಂಜೆಯ ಗುಂಪು ತರಗತಿ ಹೆಚ್ಚಿನವರಿಗೆ ಸರಿ. ಆದರೆ ಸೇರುವ ಮೊದಲು ಒಂದು ಪ್ರಶ್ನೆ ಕೇಳಿ: ಗುಂಪಿನಲ್ಲಿ ಉಕ್ರೇನ್, ಬೆಲಾರೂಸ್‌ನವರು ಎಷ್ಟು ಜನ? ಅವರ ನುಡಿಗಳು ಪೋಲಿಷ್‌ಗೆ ತುಂಬ ಹತ್ತಿರ. ಕನ್ನಡದವರಿಗೆ ತುಳು ಕಿವಿಗೆ ಬೀಳುವುದಕ್ಕಿಂತಲೂ ಸಲೀಸಾಗಿ ಅವರಿಗೆ ಪೋಲಿಷ್ ಕಿವಿಗೆ ಹತ್ತುತ್ತದೆ. ನಾನು ಮೊದಲು ಸೇರಿದ ಗುಂಪಿನಲ್ಲಿ ಹನ್ನೆರಡು ಜನರಲ್ಲಿ ಒಂಬತ್ತು ಮಂದಿ ಅವರೇ. ಮೂರನೇ ವಾರಕ್ಕೆ ಅವರು ಹರಟೆ ಹೊಡೆಯುತ್ತಿದ್ದರು, ನಾನು ಇನ್ನೂ ಅಕ್ಷರದಲ್ಲಿದ್ದೆ. ನನ್ನ ತಲೆಯೇ ಮಂದ ಅಂದುಕೊಂಡು ಬಿಟ್ಟುಬಿಟ್ಟೆ. ಒಂದು ವರ್ಷ ಹಾಳಾಯಿತು. ಆಮೇಲೆ ವಿಯೆಟ್ನಾಂ, ಟರ್ಕಿ, ಬ್ರೆಜಿಲ್‌ನವರಿದ್ದ ಗುಂಪು ಸೇರಿದೆ. ಅಲ್ಲಿ ಎಲ್ಲರ ಹೆಜ್ಜೆಯೂ ಒಂದೇ.

ಪಾಳಿ ಕೆಲಸದವರಿಗೆ ಒಬ್ಬರೇ ಟೀಚರ್ ಇಟ್ಟುಕೊಳ್ಳುವುದೇ ದಾರಿ, ಆನ್‌ಲೈನಿನಲ್ಲಿ. ಖರ್ಚು ಜಾಸ್ತಿ. ಆದರೆ ರಾತ್ರಿ ಪಾಳಿಯ ವಾರ ತರಗತಿ ತಪ್ಪುವುದಿಲ್ಲ. ದುಡ್ಡಿಗೆ ಕಷ್ಟ ಇದ್ದರೆ ವಾರ್ಸಾದಲ್ಲಿ ಒತ್ಸಲೇನ್ಯೆ ಫೌಂಡೇಶನ್‌ನಂಥ ಸಂಸ್ಥೆಗಳು ವಲಸೆ ಬಂದವರಿಗೆ ಪೋಲಿಷ್ ಕಲಿಸುತ್ತವೆ. ವ್ರೋತ್ಸ್ವಾಫ್‌ನಲ್ಲಿ ವ್ರೊಮಿಗ್ರಾಂಟ್ ಅನ್ನುವ ಮಾಹಿತಿ ಕೇಂದ್ರ ಇದೆ. ಓದಲೆಂದೇ ಬರುವವರು ವುಚ್ ವಿಶ್ವವಿದ್ಯಾಲಯದ ಕೇಂದ್ರ ನೋಡಲಿ. 1952ರಿಂದ ವಿದೇಶಿಯರಿಗೆ ಪೋಲಿಷ್ ಕಲಿಸುತ್ತಿದ್ದಾರೆ. ಒಂದು ವರ್ಷ ಬರೀ ಭಾಷೆಗೆ ಕೊಡಲು ಆಗುವವರಿಗೆ ಅದಕ್ಕಿಂತ ಒಳ್ಳೆಯದು ನನಗೆ ಕಾಣಲಿಲ್ಲ.

ಊರು ಮತ್ತು ಮನೆ

ಊರಿನ ವಿಷಯದಲ್ಲಿ ತುಂಬ ತಲೆ ಕೆಡಿಸಿಕೊಳ್ಳಬೇಡಿ, ಕರಾರು ಒಳ್ಳೆಯದಿದ್ದ ಕಡೆ ಹೋಗಿ. ವಾರ್ಸಾದಲ್ಲಿ ಸಂಬಳ ಜಾಸ್ತಿ, ಬಾಡಿಗೆಯೂ ಜಾಸ್ತಿ. ಕ್ರಾಕುಫ್‌ನಲ್ಲಿ ಇಂಗ್ಲಿಷ್ ಕೆಲಸ ತುಂಬ. ಚಳಿಗಾಲದ ಹೊಗೆ ಮಂಜು ಉಬ್ಬಸದವರಿಗೆ ಆಗುವುದಿಲ್ಲ. 2019ರಿಂದ ಊರೊಳಗೆ ಕಲ್ಲಿದ್ದಲು ಸುಡುವ ಹಾಗಿಲ್ಲ, ಆದರೂ ಸುತ್ತಲ ಹಳ್ಳಿಗಳ ಹೊಗೆ ಬರುತ್ತದೆ. ಫಿಟ್ಟರ್, ವೆಲ್ಡರ್‌ಗಳಿಗೆ ವ್ರೋತ್ಸ್ವಾಫ್, ಪೋಜ್ನಾನ್ ಒಳ್ಳೆಯವು. ಎರಡೂ ಕಾರ್ಖಾನೆಗಳ ಊರು. ಸಣ್ಣ ಊರಿನಲ್ಲಿ ಒಂಟಿತನ ಕಾಡುತ್ತದೆ, ಆದರೆ ಪೋಲಿಷ್ ಬೇಗ ಬರುತ್ತದೆ. ಎಲ್ಲಿ ಹೋದರೂ ಡಿಸೆಂಬರಿನಲ್ಲಿ ಮೂರೂವರೆ, ನಾಲ್ಕಕ್ಕೆಲ್ಲ ಕತ್ತಲೆ. ಮಜ್ಜಿಗೆಗೆ 'ಮಶ್ಲಾಂಕಾ' ಅಂತ ಕೇಳಿ, ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಸಾಸಿವೆ ಒಗ್ಗರಣೆ ಕೊಟ್ಟು ಅನ್ನಕ್ಕೆ ಸುರಿದುಕೊಂಡರೆ ಊರಿನದೇ ರುಚಿ.

ಮನೆಗೆ ಎರಡು ಬಗೆಯ ಬಾಡಿಗೆ ಕರಾರು. ಸಾಮಾನ್ಯದ್ದು ಒಂದು. ಇನ್ನೊಂದು 'ನಾಯೆಂ ಒಕಝ್ಯೊನಾಲ್ನಿ'. ಈ ಎರಡನೆಯದಕ್ಕೆ ನೋಟರಿ ಮುಂದೆ ಬರೆದುಕೊಡಬೇಕು. ಮನೆ ಖಾಲಿ ಮಾಡಿಸಿದರೆ ಹೋಗಲು ಪೋಲೆಂಡಿನಲ್ಲೇ ಇನ್ನೊಂದು ವಿಳಾಸವನ್ನೂ ತೋರಿಸಬೇಕು. ಹೊಸದಾಗಿ ಬಂದವರಿಗೆ ಆ ವಿಳಾಸ ಎಲ್ಲಿಂದ ಬರಬೇಕು? ಹಾಗಾಗಿ ಮೊದಲ ವರ್ಷ ಸಾಮಾನ್ಯ ಕರಾರಿನ ರೂಮೇ ಹುಡುಕಿ. ವಿಳಾಸ ನೋಂದಣಿಗೆ, ಅಂದರೆ 'ಜಮೆಲ್ದೊವಾನ್ಯೆ'ಗೆ ಒಪ್ಪುತ್ತೀರಾ ಅಂತ ಮುಂಗಡ ಕೊಡುವ ಮೊದಲೇ ಮಾಲೀಕರನ್ನು ಕೇಳಿ. ಕೊಟ್ಟ ಮೇಲೆ ಕೇಳಿದರೆ ಹಲವರು ಒಪ್ಪುವುದಿಲ್ಲ.

ಅಕ್ಕನ ಮಗನ ಮೇಲ್‌ಗೆ ಉತ್ತರ ಬಂದಿದೆ. ಕಾರ್ಖಾನೆಯವರು ನಾಲ್ಕಕ್ಕೂ ಎರಡು ದಿನದಲ್ಲಿ ಬರೆದರು. ವಸತಿಗೆ ಎಷ್ಟು ಹಿಡಿಯುತ್ತಾರೆ ಅನ್ನುವುದನ್ನೂ ಮುಚ್ಚಿಡಲಿಲ್ಲ. ಏಜೆನ್ಸಿಯವರು ಒಂದು ಪ್ರಶ್ನೆಗೂ ಉತ್ತರ ಕೊಡದೆ, ಸೀಟು ಕಡಿಮೆ ಇದೆ, ಶುಕ್ರವಾರದೊಳಗೆ ದುಡ್ಡು ಕಟ್ಟಿ ಅಂತ ಬರೆದರು. ಅವನು ಕಟ್ಟಲಿಲ್ಲ. ನಿನ್ನೆ ರಾತ್ರಿ ಒಂದು ವಾಯ್ಸ್ ಮೆಸೇಜ್ ಕಳಿಸಿದ್ದಾನೆ. ಒಂದರಿಂದ ಹತ್ತರವರೆಗೆ ಪೋಲಿಷ್‌ನಲ್ಲಿ ಎಣಿಸಿ, ಕೊನೆಗೆ "ಮಾಮ, ಪ್ರೋಷೆ ಸರಿ ಇದೆಯಾ?" ಅಂತ ಕೇಳಿದ್ದಾನೆ. ಷ ಸರಿಯಾಗಿಯೇ ಬಂದಿತ್ತು.